ಬಾಲ್ಕನಿ ತೋಟದವರಿಗೆ: ಎಸೆಯುವ ಮುಂಚೆ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಗೆ ಮಳೆ ಹತ್ತಿರ ಬಂತು, ಸಸಿ ಮಾಡಿಕೊಳ್ಳಲು ಇದೇ ಒಳ್ಳೆ ಸಮಯ. ಕುಂಡ ಕೊಳ್ಳುವ ಮುಂಚೆ ಮನೆಯಲ್ಲಿ ಎಸೆಯುವ ಸಾಮಾನು ನೋಡಿ.

ಸಸಿಗೆ ಹಾಲಿನ ಪ್ಯಾಕೆಟ್ ಬಹಳ ಒಳ್ಳೆಯದು. ಮೇಲಿನ ಅಂಚು ಪೂರ್ತಿ ಕತ್ತರಿಸಿ, ಜಿಡ್ಡು ಹೋಗುವ ಹಾಗೆ ತೊಳೆಯಿರಿ. ಕೆಳಗಿನ ಎರಡು ಮೂಲೆ ಚೂರು ಕತ್ತರಿಸಿದರೆ ನೀರು ಇಳಿಯುತ್ತದೆ. ಮೆಣಸಿನಕಾಯಿ, ಟೊಮೆಟೊ ಬೀಜ ಇದರಲ್ಲೇ ಹಾಕಿ. ನಾಲ್ಕೈದು ಎಲೆ ಬಂದ ಮೇಲೆ ಪ್ಯಾಕೆಟ್ ಸೀಳಿ, ಬೇರಿನ ಮಣ್ಣು ಉದುರದ ಹಾಗೆ ಕುಂಡಕ್ಕೆ ಇಳಿಸಿ.

ಇನ್ನು ಗಿಡಕ್ಕೆ ಗೊಬ್ಬರ. ಚಹಾ ಸೋಸಿದ ಪುಡಿಯನ್ನು ಹಾಲು-ಸಕ್ಕರೆ ಹೋಗುವವರೆಗೆ ತೊಳೆದು ಒಣಗಿಸಿ ಹಾಕಿ. ಸುಮ್ನೆ ಹಾಗೇ ಸುರಿದರೆ ಇರುವೆ ಮುತ್ತುತ್ತವೆ. ಮೊಟ್ಟೆ ಚಿಪ್ಪು ನುಣ್ಣಗೆ ಪುಡಿಯಾಗಬೇಕು, ದೊಡ್ಡ ಚೂರು ತಿಂಗಳುಗಟ್ಟಲೆ ಕರಗುವುದಿಲ್ಲ. ಅಕ್ಕಿ ತೊಳೆದ ನೀರು ನೇರ ಹಾಕಬಹುದು. ಉಪ್ಪು, ಎಣ್ಣೆ ಬೆರೆತ ಸಾರು-ಪಲ್ಯ ಬೇಡವೇ ಬೇಡ.

ಒಂದು ವಿಷಯ ಮಾತ್ರ ಕೈಮುಗಿದು ಕೇಳುತ್ತೇನೆ. ಡಬ್ಬ, ಕುಂಡದ ಕೆಳಗಿನ ತಟ್ಟೆ, ಥರ್ಮಾಕೋಲ್ ಪೆಟ್ಟಿಗೆ, ಯಾವುದರಲ್ಲೂ ನೀರು ನಿಲ್ಲಬಾರದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ಕಡೆಯೇ ಮೊಟ್ಟೆ ಇಡುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ ಅಲ್ವಾ, ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ನಮ್ಮ ಮಹಡಿಗಳಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಬಸಳೆ ಕಡ್ಡಿ ಬೇಕಾದವರು ಕೇಳಿ, ನಮ್ಮಲ್ಲಿ ಜಾಸ್ತಿ ಇದೆ. ಬರುವಾಗ ತೊಳೆದ ಹಾಲಿನ ಪ್ಯಾಕೆಟ್ ತನ್ನಿ.