ಕೋಡ್ ಅಳಿಸಿದಿರಿ, ಕಾರಣ ಹುಡುಕಲಿಲ್ಲ: ನನ್ನ ಹಳೆಯ ಎಂಎಕ್ಸ್-5 ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: 2003ರ ಮಾಜ್ದಾ ಎಂಎಕ್ಸ್-5, 1.8 ಲೀಟರ್ ಎಂಜಿನ್. ಎರಡು ಸಲ ನಿಮ್ಮಲ್ಲಿಗೆ ತಂದರೂ ಹೋಗದ ನಡುಕ, ಮತ್ತು ನಿಮ್ಮ ಕೆಲಸದ ನಂತರ ಹೊಸದಾಗಿ ಶುರುವಾದ ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರೋದು).

ನಮಸ್ಕಾರ.

ಫೋನಿನಲ್ಲಿ ಎರಡು ಸಲ ಹೇಳಿದೆ. "ಹಳೇ ಗಾಡಿ ಸಾರ್, ಇಷ್ಟೆಲ್ಲಾ ಇದ್ದೇ ಇರುತ್ತೆ" ಅಂದರು. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ. ಗಾಡಿ ಹಳೆಯದು ಅನ್ನೋದು ನನಗೂ ಗೊತ್ತು. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ರಬ್ಬರ್ ಗಟ್ಟಿಯಾಗುತ್ತೆ, ವೈರ್ ಸವೆಯುತ್ತೆ ಅಂತ ತಿಳಿದೇ ಇಟ್ಟುಕೊಂಡಿರುತ್ತಾರೆ. ಆದರೆ ಏನು ಕೆಟ್ಟಿದೆ ಅಂತ ನೋಡದೆ ಒಂದಾದ ಮೇಲೊಂದು ಪಾರ್ಟ್ ಬದಲಾಯಿಸಿದ್ದಕ್ಕೂ ಗಾಡಿಯ ವಯಸ್ಸಿಗೂ ಏನು ಸಂಬಂಧ?

ಮೊದಲ ಸಲ ತಂದಾಗ ಇದ್ದದ್ದು ಇಷ್ಟು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಪರವಾಗಿರಲಿಲ್ಲ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು 600ಕ್ಕೂ 1,000ಕ್ಕೂ ನಡುವೆ ಓಲಾಡುತ್ತಿತ್ತು, ಗೇರ್ ಲಿವರ್ ಮೇಲೆ ಕೈ ಇಟ್ಟರೆ ಎಂಜಿನ್ ತಡವರಿಸೋದು ಅಂಗೈಗೇ ಗೊತ್ತಾಗುತ್ತಿತ್ತು. ಓಡುವಾಗ ಮಾತ್ರ ಏನೂ ಇಲ್ಲ, ಪಿಕಪ್ ಚೆನ್ನಾಗಿತ್ತು. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತ್ತು, ಮಿನುಗುತ್ತಿರಲಿಲ್ಲ. ಇದನ್ನೆಲ್ಲಾ ನಿಂತು ಹೇಳಿದೆ. ಜಾಬ್ ಕಾರ್ಡ್ ಬರೆಯುತ್ತಿದ್ದ ಹುಡುಗ "ಎಂಜಿನ್ ಲೈಟ್ ಆನ್" ಅಂತ ಮೂರೇ ಪದ ಬರೆದುಕೊಂಡ. ಬಿಸಿಯಾದಾಗ ಮಾತ್ರ, ನಿಂತಾಗ ಮಾತ್ರ ಅನ್ನೋದೇ ಇಲ್ಲಿ ಮುಖ್ಯ ಸುಳಿವು. ಅದು ಕಾರ್ಡಿಗೆ ಬರಲೇ ಇಲ್ಲ.

ಸಂಜೆ ಲೈಟ್ ಆರಿಸಿ ಕೊಟ್ಟಿರಿ. ಹೇಗೆ ಆರಿಸಿದಿರಿ ಅಂತ ಕೇಳಿದ್ದಕ್ಕೆ ಬ್ಯಾಟರಿ ಬಿಚ್ಚಿ ಹಾಕಿದ್ದೇವೆ ಅಂದರು. ಏನು ತೊಂದರೆ ಅಂತ ಗಾಡಿಯ ಕಂಪ್ಯೂಟರ್ ಕೊಡುವ ಕೋಡ್ ಯಾವುದಿತ್ತು ಅಂದರೆ ಯಾರಿಗೂ ನೆನಪಿಲ್ಲ, ಬಿಲ್ಲಿನಲ್ಲೂ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ಆಗಿದ್ದು ಇದಕ್ಕೇ. ಲೈಟ್ ಹತ್ತಿದ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಬಿಸಿಯಿತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಅಂತ ಕಂಪ್ಯೂಟರ್ ಕೋಡ್ ಜೊತೆಗೇ ಬರೆದಿಟ್ಟುಕೊಂಡಿರುತ್ತೆ. ಫ್ರೀಜ್ ಫ್ರೇಮ್ ಅನ್ನೋದು ಅದನ್ನೇ. ಬ್ಯಾಟರಿ ಬಿಚ್ಚಿದರೆ ಅದೂ ಹೋಯಿತು. ಇಷ್ಟು ದಿನ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕು ಅಂತ ಕಲಿತುಕೊಂಡ ಲೆಕ್ಕವೂ ಹೋಯಿತು. ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಳ್ಳೋಕೆ ಐದು ನಿಮಿಷ ಸಾಕಿತ್ತು, ಅಲ್ವಾ?

ನಾಲ್ಕನೇ ದಿನಕ್ಕೆ ಲೈಟ್ ಮತ್ತೆ ಬಂತು. ಎರಡನೇ ಸಲ ತಂದೆ. ಈ ಸಲ ಸ್ಕ್ಯಾನರ್ ಹಾಕಿದಿರಿ, ಪಿ 0171 ಅಂತ ಬಿಲ್ಲಿನಲ್ಲಿ ಬರೆದಿದ್ದೀರಿ, ಅದಕ್ಕೆ ಥ್ಯಾಂಕ್ಸ್. ಆದರೆ ಆ ಕೋಡ್ ನೋಡಿ, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದಿರಿ. "ಜೊತೆಗೆ ಇದೂ ಆಗಿಬಿಡಲಿ" ಅಂತ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಎರಡು ಇಗ್ನಿಷನ್ ಕಾಯಿಲ್, ಕಿಡಿ ಹಾರಿಸುವ ನಾಲ್ಕು ಪ್ಲಗ್, ಪ್ಲಗ್ ವೈರ್ ಕೂಡ. ಪಿ 0171 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ. ಸೆನ್ಸರ್ ಕೆಟ್ಟಿದೆ ಅಂತಲ್ಲ. ಸಾಮಾನ್ಯವಾಗಿ ಸೆನ್ಸರ್ ಸರಿಯಾಗಿ ನೋಡಿ ಹೇಳಿದಾಗಲೇ ಈ ಕೋಡ್ ಬರೋದು. ಸುದ್ದಿ ತಂದವನನ್ನು ತೆಗೆದು ಬೇರೆಯವನನ್ನು ಕೂರಿಸಿದರೆ ಸುದ್ದಿ ಬದಲಾಗಲ್ಲ. ಒಂದು ವಾರದಲ್ಲಿ ಅದೇ ಲೈಟ್, ಅದೇ ನಡುಕ.

ಅದರ ಜೊತೆಗೆ ಹೊಸದೊಂದು ತೊಂದರೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತಿತ್ತು, ಲೈಟ್ ಮಿನುಗುತ್ತಿತ್ತು. ಮೊದಲು ಹೀಗೆ ಇರಲೇ ಇಲ್ಲ. ಫೋನ್ ಮಾಡಿದರೆ "ಓಡಿಸ್ತಾ ಇರಿ, ಸೆಟ್ ಆಗುತ್ತೆ" ಅಂತ ನಿಮ್ಮವರು ಹೇಳಿದರು. ಲೈಟ್ ಸುಮ್ನೆ ಹತ್ತಿಕೊಂಡಿರೋದು ಬೇರೆ, ಮಿನುಗೋದು ಬೇರೆ. ಮಿನುಗಿದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಅಂತ ಅರ್ಥ. ಅದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಟ್ಟುಹಾಕುತ್ತೆ. ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ, ಆದಷ್ಟು ಬೇಗ ನಿಲ್ಲಿಸಿ ಅಂತ ಹೇಳಬೇಕಾದ ಜಾಗದಲ್ಲಿ ಓಡಿಸಿ ಅಂದರು. ನಾನು ನಂಬಿ ಎರಡು ದಿನ ಓಡಿಸಿದೆ.

ಆಮೇಲೆ ಒಂದು ಚಿಕ್ಕ ಸ್ಕ್ಯಾನರ್ ತರಿಸಿಕೊಂಡು ನಾನೇ ನೋಡಿದೆ. ನಾನು ಮೆಕ್ಯಾನಿಕ್ ಅಲ್ಲ. ಕಂಡದ್ದನ್ನು ಹಾಗೇ ಬರೆಯುತ್ತೇನೆ.

ಮಿನುಗುವ ಲೈಟಿಗೆ ಇದ್ದ ಕೋಡ್ ಪಿ 0304, ಅಂದರೆ ನಾಲ್ಕನೇ ಸಿಲಿಂಡರ್ ಮಿಸ್ಸಿಂಗ್. ಈ ಎಂಜಿನ್‌ನಲ್ಲಿ ಒಂದು ಮತ್ತು ನಾಲ್ಕನೇ ಸಿಲಿಂಡರ್‌ಗೆ ಒಂದೇ ಕಾಯಿಲ್. ಆ ಕಾಯಿಲ್ ಕೆಟ್ಟಿದ್ದರೆ ಒಂದನೆಯದೂ ಮಿಸ್ ಹೊಡೆಯಬೇಕಿತ್ತು. ಬರೀ ನಾಲ್ಕು ಅಂದಮೇಲೆ ಆ ವೈರ್ ಇಲ್ಲವೇ ಆ ಪ್ಲಗ್ ಅಂತ ಬಾನೆಟ್ ತೆಗೆದೆ. ನಾಲ್ಕನೇ ವೈರ್ ತುದಿಯ ರಬ್ಬರ್ ಟೋಪಿ ಬೇರೆ ಮೂರಕ್ಕಿಂತ ಒಂದು ಬೆರಳ ದಪ್ಪ ಮೇಲೆ ನಿಂತಿತ್ತು. ಪೂರ್ತಿ ಕೂರಿಸಿರಲೇ ಇಲ್ಲ! ಪ್ಲಗ್ ಬಿಚ್ಚಿ ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ಸೀಸದಕಡ್ಡಿಯಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ. ಕಿಡಿ ಒಳಗೆ ಹೋಗದೆ ಹೊರಗಿನಿಂದಲೇ ಹರಿದು ಹೋದ ದಾರಿ ಅದು. ನಿಂತಾಗ ಗೊತ್ತಾಗದೆ ಏರಿನಲ್ಲಿ ಮಾತ್ರ ತೋರಿಸಿಕೊಂಡಿದ್ದೂ ಅದಕ್ಕೇ, ಜೋರಾಗಿ ಎಳೆಯುವಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಕಿಡಿ ಹಾರೋಕೆ ಜಾಸ್ತಿ ವೋಲ್ಟೇಜ್ ಬೇಕು, ಆಗ ಕರೆಂಟ್ ಸುಲಭದ ದಾರಿ ಹುಡುಕಿಕೊಳ್ಳುತ್ತೆ. ಬೇರೆ ಪ್ಲಗ್ ಹಾಕಿ, ವೈರನ್ನು ಟಕ್ ಅನ್ನೋವರೆಗೂ ಒತ್ತಿದೆ. ಅಂದಿನಿಂದ ಮಿನುಗಿಲ್ಲ.

ಇನ್ನು ಹಳೆಯ ನಡುಕ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಅಂತ ಒಂದು ಅಂಕಿ ಬರುತ್ತೆ, ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಹಾಕುತ್ತಿದೆ ಅಂತ. ನಿಂತಲ್ಲೇ ಓಡುವಾಗ ಅದು ಶೇಕಡ 22ರಿಂದ 25 ಜಾಸ್ತಿ ತೋರಿಸುತ್ತಿತ್ತು. 2,500 ಆರ್‌ಪಿಎಂಗೆ ಏರಿಸಿ ಹಿಡಿದರೆ 4ಕ್ಕೆ ಇಳಿಯುತ್ತಿತ್ತು. ಪೆಟ್ರೋಲ್ ಪಂಪ್ ಸೋತಿದ್ದರೆ ಇದು ಉಲ್ಟಾ ಆಗಬೇಕಿತ್ತು, ಏರಿಸಿದಷ್ಟೂ ಅಂಕಿ ಏರಬೇಕಿತ್ತು. ನಿಂತಾಗ ಜಾಸ್ತಿ, ಏರಿಸಿದರೆ ಸರಿ ಅಂದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ. ಎಂಜಿನ್ ನಿಧಾನವಾಗಿ ಓಡುವಾಗ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಅದರಲ್ಲಿ ಸಣ್ಣ ತೂತಿನ ಪಾಲು ದೊಡ್ಡದು.

ತೂತು ಸಿಗೋಕೆ ಕಷ್ಟ ಆಗಲಿಲ್ಲ. ಎಂಜಿನ್ ಮೇಲಿನ ಮುಚ್ಚಳದ ಪಿಸಿವಿ ವಾಲ್ವ್‌ನಿಂದ (ಎಂಜಿನ್ ಒಳಗಿನ ಆವಿಯನ್ನು ಹೊರಗೆ ಬಿಡುವ ವಾಲ್ವ್) ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ, ಹೋಗುವ ಕೈಯಗಲದಷ್ಟು ಉದ್ದದ ರಬ್ಬರ್ ಪೈಪ್. ಮೇಲಿಂದ ನೋಡಿದರೆ ಚೆನ್ನಾಗೇ ಇದೆ. ಬಾಗಿದ ಜಾಗದ ಅಡಿಗೆ ಬೆರಳು ಹಾಕಿದರೆ ಉಗುರಿನಷ್ಟು ಉದ್ದದ ಬಿರುಕು, ಪೈಪ್ ಹಿಸುಕಿದರೆ ಬಾಯಿ ತೆರೆಯುತ್ತೆ. ಎಂಜಿನ್ ಓಡುವಾಗ ಅಲ್ಲಿ ಬೆರಳಿಟ್ಟು ಮುಚ್ಚಿದೆ. ಮುಳ್ಳು ಓಲಾಡೋದು ಅಲ್ಲೇ ನಿಂತಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಹೊಸ ಪೈಪ್ ಹಾಕಿದ ಮೇಲೆ ಟ್ರಿಮ್ 3ರ ಹತ್ತಿರ ಇದೆ, ಲೈಟ್ ಬಂದಿಲ್ಲ. ಈ ವಯಸ್ಸಿನ ಗಾಡಿಯಲ್ಲಿ ರಬ್ಬರ್ ಪೈಪುಗಳನ್ನು ಕೈಯಾಡಿಸಿ ನೋಡೋದು ಮೊದಲ ಕೆಲಸ ಆಗಬೇಕಿತ್ತು. ಹೊಗೆ ಬಿಟ್ಟು ಎಲ್ಲಿ ಸೋರುತ್ತಿದೆ ಅಂತ ನೋಡುವ ಮೆಷಿನ್ ನಿಮ್ಮಲ್ಲೇ ಮೂಲೆಯಲ್ಲಿ ನಿಂತಿರೋದನ್ನು ನಾನೇ ನೋಡಿದ್ದೇನೆ.

ಇನ್ನೂ ಒಂದು ವಿಷಯ. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ನೀವು ಬಿಚ್ಚಿ ಹಾಕಿದ ಟರ್ಮಿನಲ್ ಕೈಯಲ್ಲಿ ಹಿಡಿದರೆ ತಿರುಗುತ್ತಿತ್ತು. ಗುಂಡಿಗೆ ಬಿದ್ದಾಗಲೆಲ್ಲಾ ಬ್ಯಾಟರಿ ಲೈಟ್, ಎಬಿಎಸ್ ಲೈಟ್ ಮಿನುಗಿ ಹೋಗುತ್ತಿದ್ದದ್ದು ಅದಕ್ಕೇ. ನಟ್ ಬಿಗಿ ಮಾಡಿದೆ, ನಿಂತಿತು. ಎಬಿಎಸ್ ಅಂದರೆ ಬ್ರೇಕಿಗೆ ಸೇರಿದ್ದು, ಆ ಲೈಟ್ ಬಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ, ಮನೆಯವರನ್ನು ಕೂರಿಸಿಕೊಂಡು ಹೋಗುವಾಗ ಬಂತು ನನಗೆ.

ನನಗೆ ಬೇಕಾದದ್ದು ಇದು. ಆಕ್ಸಿಜನ್ ಸೆನ್ಸರ್, ಎರಡು ಕಾಯಿಲ್, ಇವುಗಳ ಬೆಲೆ ಮತ್ತು ಹಾಕಿದ ಲೇಬರ್ ಚಾರ್ಜ್ ವಾಪಸ್ ಕೊಡಿ. ಪ್ಲಗ್ ಮತ್ತು ವೈರ್ ಹೇಗೂ ಸವೆಯುವ ಸಾಮಾನು, ಅವುಗಳ ಬೆಲೆ ಕೇಳುತ್ತಿಲ್ಲ, ಹಾಳಾದ ಆ ಒಂದು ಪ್ಲಗ್ ಬಿಟ್ಟು. ತೆಗೆದ ಹಳೆಯ ಪಾರ್ಟ್‌ಗಳನ್ನು ನನಗೆ ಕೊಡಿ, ಅವು ನನ್ನವು. ಕನ್ವರ್ಟರ್ ಅನ್ನು ನಿಮ್ಮ ಖರ್ಚಿನಲ್ಲಿ ಪರೀಕ್ಷೆ ಮಾಡಿ. ಅದರ ಹಿಂದಿನ ಆಕ್ಸಿಜನ್ ಸೆನ್ಸರ್ ಅಂಕಿಯೂ ಮುಂದಿನದರ ಹಾಗೇ ಏರಿಳಿಯುತ್ತಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಅಂತ, ಆ ನಷ್ಟ ನಿಮ್ಮದು, ಯಾಕಂದರೆ ಓಡಿಸಿ ಅಂದವರು ನಿಮ್ಮವರು. ಕೋಡ್ ಮತ್ತು ಫ್ರೀಜ್ ಫ್ರೇಮ್ ಬರೆದುಕೊಳ್ಳದೆ ಯಾರ ಗಾಡಿಯ ಲೈಟನ್ನೂ ಅಳಿಸಬೇಡಿ ಅಂತ ನಿಮ್ಮ ಹುಡುಗರಿಗೆ ಹೇಳಿ. ನನ್ನ ಗಾಡಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಎರಡೂ ಬಿಲ್, ಸ್ಕ್ಯಾನರ್ ಅಂಕಿಗಳ ಫೋಟೋ, ಕಪ್ಪು ಗೆರೆಯ ಪ್ಲಗ್‌ನ ಫೋಟೋ ಜೊತೆಗಿಟ್ಟಿದ್ದೇನೆ. ಬಿರುಕು ಬಿಟ್ಟ ಪೈಪ್ ನನ್ನ ಹತ್ತಿರವೇ ಇದೆ, ಬಂದಾಗ ತರುತ್ತೇನೆ. 15 ದಿನದೊಳಗೆ ಬರಹದಲ್ಲೇ ಉತ್ತರ ಕೊಡಿ. ಫೋನ್ ಬೇಡ.

ಇಂತಿ,
ನಿಮ್ಮ ಗ್ರಾಹಕ