ಶಾಲೆಯ ಹಿಂದಿನ ಕಾಲುದಾರಿ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ನಮ್ಮ ಶಾಲೆಯ ಹಿಂದಿನ ಗೇಟಿಗೆ ಬಂದು ಸೇರುವ ಕಾಲುದಾರಿಯನ್ನು ಮುಚ್ಚಬೇಕು ಅಂತ ಅಕ್ಕಪಕ್ಕದ ಮನೆಯವರು ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಟ್ಟಿದ್ದಾರೆ. ದಾರಿಯ ಎರಡೂ ತುದಿಗೆ ಗೇಟು ಹಾಕಿ ಬೀಗ ಜಡಿಯಬೇಕು ಅನ್ನೋದು ಅವರ ಬೇಡಿಕೆ. ಸುದ್ದಿ ನಿಮ್ಮ ಕಿವಿಗೂ ಬಿದ್ದಿದೆ. ನಿಮ್ಮಲ್ಲಿ ಕೆಲವರು ಬಂದು ನನ್ನ ಹತ್ತಿರ ಸಿಟ್ಟಿನಿಂದ ಮಾತಾಡಿದ್ದೀರಿ. ‘ದಾರಿ ಏನು ಅವರ ಮನೆ ಆಸ್ತಿನಾ?’ ಅಂತ ಒಬ್ಬರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅರ್ಜಿಗೆ ಸಹಿ ಹಾಕಿದವರ ಮನೆಗೆ ಹೋಗಿ ಮಾತಾಡದೆ ನಾನು ಏನೂ ಬರೆಯಬಾರದು ಅನ್ನಿಸಿತು. ಹೋದ ವಾರ ಹೋಗಿ ಬಂದೆ.

ಆ ಮನೆಯ ಗೋಡೆ ದಾರಿಗೆ ತಾಗಿಕೊಂಡೇ ಇದೆ. ಅಲ್ಲಿರುವ ಅಜ್ಜಿ ಮೊದಲು ನನಗೆ ತೋರಿಸಿದ್ದು ತಾವು ಮಲಗುವ ಕೋಣೆಯ ಕಿಟಕಿ. ಕೈ ಚಾಚಿದರೆ ದಾರಿಯಲ್ಲಿ ಹೋಗುವವರ ಹೆಗಲು ಸಿಗುತ್ತದೆ, ಅಷ್ಟು ಹತ್ತಿರ. ರಾತ್ರಿ ಹನ್ನೊಂದರ ಮೇಲೆ ಬೈಕುಗಳು ಇಲ್ಲೇ ನುಗ್ಗುತ್ತವಂತೆ, ಕಿಟಕಿ ಗಾಜು ಅದುರುತ್ತದಂತೆ. ಕೆಲವು ದಿನ ಯಾರೋ ಕತ್ತಲಲ್ಲಿ ಕೂತು ಕುಡಿದು ಬಾಟಲಿ ಬಿಟ್ಟು ಹೋಗ್ತಾರೆ. ಯಾರು ಅಂತ ಇಣುಕಿ ನೋಡೋಕೂ ಅವರಿಗೆ ಭಯ. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲೊಂದು ಬಕೆಟ್ ಇತ್ತು. ಅದರ ತುಂಬ ಚಾಕೊಲೇಟ್ ಕಾಗದ, ಜ್ಯೂಸಿನ ಪೊಟ್ಟಣ, ಮುರಿದ ಪೆನ್ಸಿಲ್. ಎಲ್ಲಕ್ಕಿಂತ ಮೇಲೆ ನಮ್ಮ ಶಾಲೆಯ ಗುರುತಿನ ಚೀಟಿಯ ನೀಲಿ ಪಟ್ಟಿ. ‘ಬೈಯೋಕೆ ತೋರಿಸ್ತಿಲ್ಲಮ್ಮ, ದಿನಾ ಬಗ್ಗಿ ಎತ್ತೋಕೆ ನನ್ನ ಸೊಂಟ ಕೇಳಲ್ಲ’ ಅಂದರು. ನನಗೆ ಮಾತೇ ಹೊರಡಲಿಲ್ಲ.

ಹಾಗಾಗಿ ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ರಾತ್ರಿಯ ಬೈಕು, ಬಾಟಲಿ ನಮ್ಮ ಮಕ್ಕಳದ್ದಲ್ಲ. ಆ ಬಕೆಟ್ಟಿನಲ್ಲಿದ್ದದ್ದು ಮಾತ್ರ ನಮ್ಮದೇ. ಇನ್ನೊಂದು ಮಾತನ್ನೂ ಹೇಳಲೇಬೇಕು. ಬೆಳಿಗ್ಗೆ ತಡವಾಯಿತು ಅಂತ ನಮ್ಮ ಕೆಲವು ಪೋಷಕರೇ ಸ್ಕೂಟರನ್ನು ಈ ದಾರಿಯಲ್ಲಿ ಓಡಿಸಿಕೊಂಡು ಬರುತ್ತಾರೆ. ನಾನೇ ನೋಡಿದ್ದೇನೆ. ಮುಂದೆ ನಡೆದು ಹೋಗುತ್ತಿದ್ದ ಪುಟ್ಟ ಮಕ್ಕಳು ಹಾರ್ನ್ ಕೇಳಿ ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಇದು ಇವತ್ತಿಗೇ ನಿಲ್ಲಬೇಕು. ನಾವೇ ಸ್ಕೂಟರ್ ನುಗ್ಗಿಸಿ, ಆಮೇಲೆ ಇದು ಮಕ್ಕಳು ನಡೆಯುವ ದಾರಿ ಅಂತ ಹೇಳಿದರೆ ಯಾರು ನಂಬುತ್ತಾರೆ?

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ದಾರಿ ಮುಚ್ಚಬಾರದು ಅಂತಲೇ ನಾನು ಹೇಳುತ್ತೇನೆ.

ಹೋದ ಸೋಮವಾರ ಶಾಲೆ ಬಿಡುವ ಹೊತ್ತಲ್ಲಿ ಎರಡನೇ ತರಗತಿಯ ಮಕ್ಕಳ ಜೊತೆ ಅವರದೇ ನಡಿಗೆಯಲ್ಲಿ ಕಾಲುದಾರಿಯ ಆ ತುದಿವರೆಗೆ ಹೋದೆ. 6 ನಿಮಿಷ ಆಯಿತು. ಮರುದಿನ ಅದೇ ಜಾಗಕ್ಕೆ ಮುಖ್ಯರಸ್ತೆ ಸುತ್ತಿಕೊಂಡು ಒಬ್ಬಳೇ ಹೋದೆ. 19 ನಿಮಿಷ. ನಡುವೆ ಎರಡು ಕಡೆ ರಸ್ತೆ ದಾಟಬೇಕು. ಎರಡನೆಯ ಕಡೆ ಫುಟ್‌ಪಾತ್ ತುಂಬ ಗಾಡಿಗಳು ನಿಂತಿರುತ್ತವೆ. ಮಗು ರಸ್ತೆ ನೋಡಬೇಕಾದರೆ ಎರಡು ಕಾರುಗಳ ನಡುವಿನಿಂದ ತಲೆ ಹೊರಗೆ ಹಾಕಲೇಬೇಕು. ನಾನು ಅಲ್ಲಿ ಮಂಡಿ ಮಡಚಿ, ಏಳು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದೆ. ಕಾರಿನ ಬಾಗಿಲು, ಚಕ್ರ ಬಿಟ್ಟರೆ ಏನೂ ಕಾಣಲಿಲ್ಲ. ಬರುವ ಗಾಡಿಯವರಿಗೂ ಆ ಮಗು ಕಾಣುವುದಿಲ್ಲ.

ಎತ್ತರ ಒಂದೇ ತೊಂದರೆಯಲ್ಲ. ಎದುರಿಗೆ ಬರುವ ಗಾಡಿ ಎಷ್ಟು ಜೋರಾಗಿ ಬರುತ್ತಿದೆ ಅಂತ ಅಂದಾಜು ಮಾಡುವ ಶಕ್ತಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಎಷ್ಟು ಬುದ್ಧಿ ಹೇಳಿದರೂ ಅದು ವಯಸ್ಸಿನ ಜೊತೆಗೇ ಬರಬೇಕು. ಜಗತ್ತಿನಲ್ಲಿ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜನ ನಡೆದಾಡುವ ಕಡೆ ಗಾಡಿಗಳ ವೇಗ ಗಂಟೆಗೆ 30 ಕಿಲೋಮೀಟರ್ ದಾಟಬಾರದು ಅಂತ 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ ಕರೆ ಕೊಟ್ಟಿತು. ನಮ್ಮ ಮುಖ್ಯರಸ್ತೆಯ ವೇಗ ಎಷ್ಟು ಅಂತ ನಿಮಗೇ ಗೊತ್ತಲ್ವಾ? ನಾವು ಸ್ಕೂಟರ್ ನುಗ್ಗಿಸದಿದ್ದರೆ ಕಾಲುದಾರಿಯಲ್ಲಿ ಮಕ್ಕಳಿಗೆ ಈ ಚಿಂತೆಯೇ ಇಲ್ಲ.

ದಾರಿ ಮುಚ್ಚಿದರೆ ಇನ್ನೊಂದೂ ಆಗುತ್ತದೆ. ಈಗ ನಡೆಸಿಕೊಂಡು ಬರುವವರು ಭಯಕ್ಕೆ ಗಾಡಿ ಹತ್ತಿಸುತ್ತಾರೆ. ಮುಂದಿನ ಗೇಟಿನಲ್ಲಿ ಗಾಡಿ ಜಾಸ್ತಿ ಆಗುತ್ತವೆ. ಅದನ್ನು ನೋಡಿ ಉಳಿದವರೂ ನಡೆಸುವುದನ್ನು ಬಿಡುತ್ತಾರೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕು ಅನ್ನುವುದೂ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ. ಶಾಲೆಗೆ ಬಿರಬಿರನೆ ನಡೆದು ಬಂದು ಹೋದರೆ ಅದರಲ್ಲಿ ಸ್ವಲ್ಪ ಭಾಗ ತಾನಾಗಿ ಆಗಿಬಿಡುತ್ತದೆ.

ನಮ್ಮ ಒಬ್ಬ ವಿದ್ಯಾರ್ಥಿನಿ ವೀಲ್‌ಚೇರಿನಲ್ಲಿ ಬರುತ್ತಾಳೆ. ಕಾಲುದಾರಿಯಲ್ಲಿ ಮೆಟ್ಟಿಲಿಲ್ಲ, ಏರುಪೇರಿಲ್ಲ. ಅವಳೇ ಚಕ್ರ ತಳ್ಳಿಕೊಂಡು, ಗೆಳತಿಯರ ಜೊತೆ ಹರಟುತ್ತಾ ಬರುತ್ತಾಳೆ. ಮುಖ್ಯರಸ್ತೆಯ ಫುಟ್‌ಪಾತ್ ನಾಲ್ಕು ಕಡೆ ಹತ್ತಿ ಇಳಿಯಬೇಕು, ಪ್ರತಿ ಸಲ ಯಾರಾದರೂ ಎತ್ತಬೇಕು. ಬೀಗ ಬಿದ್ದ ದಿನ ಅವಳು ಒಬ್ಬಳೇ ಶಾಲೆಗೆ ಬರುವುದು ನಿಲ್ಲುತ್ತದೆ. ಈ ಪತ್ರ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವಳೇ.

ಹಾಗಾದರೆ ಅಜ್ಜಿಯ ನಿದ್ದೆಗೆ ಏನು ಮಾಡೋದು? ಊರಿನ ಬೀದಿಗಳ ಬಗ್ಗೆ ತುಂಬ ಯೋಚಿಸಿದ ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲೇ ಬರೆದಿದ್ದರು, ಬೀದಿಯನ್ನು ಕಾಯುವುದು ಅಲ್ಲಿ ಓಡಾಡುವವರ, ಅಲ್ಲಿ ವಾಸಿಸುವವರ ಕಣ್ಣುಗಳು ಅಂತ. ನಮ್ಮ ದಾರಿಯಲ್ಲಿ ಆ ಕಣ್ಣುಗಳಿಗೆ ಏನೂ ಕಾಣದ ಹಾಗಾಗಿದೆ. ತಿರುವಿನಲ್ಲಿ ಬೇಲಿ ಆಳೆತ್ತರ ಬೆಳೆದಿದೆ, ದೀಪ ಕೆಟ್ಟು ಎಷ್ಟೋ ಕಾಲ ಆಗಿದೆ. ಗಿಡಗಳನ್ನು ಸೊಂಟಕ್ಕಿಂತ ಕೆಳಗೆ ಕತ್ತರಿಸಿ, ಮರದ ಕೊಂಬೆಗಳನ್ನು 2 ಮೀಟರಿಗಿಂತ ಮೇಲೆ ಸವರಿದರೆ ಈ ತುದಿಯಿಂದ ಆ ತುದಿ ಕಾಣುತ್ತದೆ. ದೀಪದ ಬೆಳಕು ನೆಲಕ್ಕೆ ಬೀಳಬೇಕು, ಅಜ್ಜಿಯ ಕಿಟಕಿಗೆ ಬೀಳಬಾರದು. ಅಂಥ ಮುಚ್ಚಳದ ದೀಪಗಳು ಸಿಗುತ್ತವೆ. ಎರಡೂ ತುದಿಗೆ ಅಡ್ಡಗಂಬಿ ಹಾಕಿಸಲು ಕೇಳೋಣ. ಆದರೆ ಬೈಕನ್ನು ಪೂರ್ತಿ ತಡೆಯುವ ಅಡ್ಡಗಂಬಿ ವೀಲ್‌ಚೇರನ್ನೂ ತಡೆಯುತ್ತದೆ. ಅದಕ್ಕೇ ಬೈಕಿನವರು ಇಳಿದು ತಳ್ಳಬೇಕಾಗುವಷ್ಟು, ವೀಲ್‌ಚೇರ್ ತಿರುಗಿಸಿಕೊಂಡು ಹೋಗಲು ಆಗುವಷ್ಟು ಜಾಗ ಅಳೆದು ಬಿಡಬೇಕು. ಈ ಅಳತೆ ಮಾಡುವಾಗ ನಮ್ಮ ಹುಡುಗಿಯನ್ನೂ ಕರೆಯಿರಿ ಅಂತ ಕೇಳಿದ್ದೇನೆ.

ಇಷ್ಟು ಮಾಡಿದರೂ ರಾತ್ರಿ ಕಾಟ ನಿಲ್ಲದಿದ್ದರೆ, ರಾತ್ರಿ ಮಾತ್ರ ಗೇಟು ಹಾಕುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಬೆಳಿಗ್ಗೆ ಬೀಗ ತೆಗೆಯುವ ಹೊಣೆ ಯಾರದ್ದು ಅಂತ ಬರವಣಿಗೆಯಲ್ಲಿ ಇರಬೇಕು. ಇಲ್ಲದಿದ್ದರೆ ಒಂದು ದಿನ ಮರೆತು, ಇನ್ನೊಂದು ದಿನ ಕೀ ಸಿಗದೆ, ಕೊನೆಗೆ ಗೇಟು ಮುಚ್ಚಿಯೇ ಉಳಿದುಬಿಡುತ್ತದೆ.

ನಮ್ಮ ಕಡೆಯಿಂದ ಬೇಗ ಶುರುವಾಗುವ ಕೆಲಸಗಳಿವೆ. ಸೋಮವಾರದಿಂದ ಬೆಳಿಗ್ಗೆ, ಸಂಜೆ ಒಬ್ಬೊಬ್ಬ ಶಿಕ್ಷಕರು ದಾರಿಯ ತಿರುವಿನಲ್ಲಿ ನಿಲ್ಲುತ್ತಾರೆ. ಚಿಕ್ಕ ಮಕ್ಕಳನ್ನು ಗುಂಪು ಮಾಡಿ, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು ನಡೆಸಿಕೊಂಡು ಬರುವ ಕ್ರಮ ಹಲವು ದೇಶಗಳ ಶಾಲೆಗಳಲ್ಲಿ ನಡೆಯುತ್ತಿದೆ. ವಾರಕ್ಕೆ ಒಂದು ಬೆಳಿಗ್ಗೆ ಕೊಡಬಲ್ಲವರು ತರಗತಿ ಶಿಕ್ಷಕರಿಗೆ ಹೆಸರು ಕೊಡಿ. ತಿಂಡಿಯ ಕಾಗದ ಚೀಲದಲ್ಲೇ ವಾಪಸ್ ಬರಲಿ ಅಂತ ಮನೆಯಲ್ಲಿ ಮಕ್ಕಳಿಗೆ ಹೇಳಿ. ಸಂಜೆ ಚೀಲ ತೆಗೆದು ಒಮ್ಮೆ ನೋಡಿದರೂ ಸಾಕು.

ಅರ್ಜಿಯ ಬಗ್ಗೆ ಆಡಳಿತದವರು ಸಭೆ ಕರೆಯುತ್ತಾರೆ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. ಅಲ್ಲಿಯವರೆಗೆ ಒಂದು ಹಾಳೆಯಲ್ಲಿ ಬರೆದು ಕೊಡಿ: ನಿಮ್ಮ ಮಗು ಎಷ್ಟು ಹೊತ್ತಿಗೆ ಈ ದಾರಿಯಲ್ಲಿ ಬರುತ್ತದೆ, ದಾರಿ ಇಲ್ಲದಿದ್ದರೆ ಯಾವ ರಸ್ತೆ ದಾಟಬೇಕು ಅಂತ. ಅಕ್ಕಪಕ್ಕದ ಮನೆಯವರ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ಮಕ್ಕಳ ಎದುರಿಗಂತೂ ಬೇಡವೇ ಬೇಡ. ಅವರು ನಾಳೆಯೂ ಆ ಕಿಟಕಿಯ ಪಕ್ಕದಲ್ಲೇ ನಡೆದು ಬರಬೇಕಲ್ಲ.

ಈ ಶನಿವಾರ ಬೆಳಿಗ್ಗೆ 8 ಗಂಟೆಗೆ ದಾರಿ ಗುಡಿಸಲು ಹಿಂದಿನ ಗೇಟಿನಲ್ಲಿ ಸೇರುತ್ತಿದ್ದೇವೆ. ಪೊರಕೆ, ಚೀಲ, ಕೈಗವಸು ಶಾಲೆಯಲ್ಲಿವೆ. ಮಕ್ಕಳನ್ನೂ ಕರೆದುಕೊಂಡು ನಡೆದೇ ಬನ್ನಿ. ಬರುತ್ತೇವೆ ಅಂತ ಅಜ್ಜಿಗೆ ಆಗಲೇ ಹೇಳಿದ್ದೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ