ಕಂಬವಿಲ್ಲದ ಸಭಾಂಗಣ ಜನರಿಗೂ ಕಾಣಲಿ

ಮಾನ್ಯ ಸಂಪಾದಕರೇ,

ಮೈಸೂರಿನ ಪಾರಂಪರಿಕ ಕಟ್ಟಡಗಳ ಪ್ರಸ್ತಾಪ ಬಂದಾಗಲೆಲ್ಲ ಅರಮನೆಗಳ ವೈಭವದಲ್ಲಿ ಮರೆಯಾಗಿಬಿಡುವ ಒಂದು ಮನೆಯ ಕಡೆಗೆ ತಮ್ಮ ಪತ್ರಿಕೆಯ ಮೂಲಕ ಗಮನ ಸೆಳೆಯಬಯಸುತ್ತೇನೆ. ಇಂದು ಸರ್ಕಾರಿ ಅತಿಥಿಗೃಹವಾಗಿರುವ, ಹಳಬರು ಈಗಲೂ ‘ಗೌರ್ನಮೆಂಟ್ ಹೌಸ್’ ಎಂದೇ ಕರೆಯುವ ಈ ಕಟ್ಟಡ, 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡು ಒಡೆಯರ ರಾಜ್ಯ ಮತ್ತೆ ಸ್ಥಾಪನೆಯಾದ ಬಳಿಕ ಬ್ರಿಟಿಷ್ ರೆಸಿಡೆಂಟರ (ರಾಜನ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಗಳ) ವಾಸಕ್ಕೆಂದು ನಿರ್ಮಾಣವಾಗಿ 1805ರಲ್ಲಿ ಪೂರ್ಣಗೊಂಡಿತು. ಸಾಲುಗಂಬಗಳ, ಪ್ರಾಚೀನ ಗ್ರೀಕ್ ಮಾದರಿಯ ಡೋರಿಕ್ ಶೈಲಿಯ ಈ ಮನೆಗೆ ಅಲಂಕಾರ ಕಡಿಮೆ, ಗಾಂಭೀರ್ಯ ಹೆಚ್ಚು. ಅಂಬಾವಿಲಾಸ ಅರಮನೆಯನ್ನು ನೋಡಿ ಬಂದ ಕಣ್ಣಿಗೆ ಅದು ಸಪ್ಪೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಅದರ ನಿಜವಾದ ಸೊಗಸಿರುವುದು ಒಳಗೆ. ಇಲ್ಲಿನ ಔತಣದ ಸಭಾಂಗಣವು ನಡುವೆ ಒಂದು ಕಂಬವೂ ಇಲ್ಲದೆ ನಿಂತಿದ್ದು, ದಕ್ಷಿಣ ಭಾರತದ ಅಂಥ ಅತಿ ದೊಡ್ಡ ಕೋಣೆಗಳಲ್ಲಿ ಒಂದೆಂದು ಹೆಸರಾಗಿದೆ. ಅದನ್ನು ರೂಪಿಸಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲೆಂಡ್, ಮುಂದೆ ಮದರಾಸಿನ ಸೇಂಟ್ ಆಂಡ್ರೂಸ್ ಚರ್ಚನ್ನು ಕಟ್ಟಿದವನು. ಶ್ರೀರಂಗಪಟ್ಟಣದಲ್ಲಿ ಈತ ಕಟ್ಟಿದ್ದ, ನೂರು ಅಡಿಗೂ ಹೆಚ್ಚು ಅಗಲದ ಇಟ್ಟಿಗೆಯ ಒಂಟಿ ಕಮಾನು ಈ ಸಭಾಂಗಣಕ್ಕೆ ಸಂಬಂಧಿಸಿದ ಪ್ರಯೋಗವೆಂದು ಹೇಳುವುದುಂಟು. ಕಮಾನು ಚಪ್ಪಟೆಯಾದಷ್ಟೂ ಅದು ತನ್ನ ಎರಡು ಬುಡಗಳನ್ನು ಹೊರಕ್ಕೆ ತಳ್ಳುವ ಬಲ ಹೆಚ್ಚುತ್ತದೆ; ಆ ಒತ್ತಡವನ್ನು ಬರೀ ಇಟ್ಟಿಗೆ ಗಾರೆಗಳಲ್ಲಿ ತಡೆದು ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ. ಆ ಕಮಾನು ಶತಮಾನಕ್ಕೂ ಮೀರಿ ನಿಂತಿದ್ದು, 1930ರ ದಶಕದಲ್ಲಿ ಕುಸಿಯಿತು.

ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್ ಇದೇ ಕಾಲದ್ದು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ತಂಗಿದ್ದನೆನ್ನುವ ಆ ಮನೆ ಈಗ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಪ್ರಾದೇಶಿಕ ಕೇಂದ್ರವಾಗಿ ಜನರಿಗೆ ತೆರೆದುಕೊಂಡಿದೆ. ಮನೆ ವಸ್ತುಸಂಗ್ರಹಾಲಯವಾದರೆ ಒಳಗೆ ಹೋಗಿ ನೋಡಬಹುದು, ಅತಿಥಿಗೃಹವಾದರೆ ಬೇಲಿಯಾಚೆಯಿಂದಲೇ ನೋಡಬೇಕು. ಗಣ್ಯರ ಭದ್ರತೆಯ ಅಗತ್ಯವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅತಿಥಿಗಳಿಲ್ಲದ ದಿನಗಳಲ್ಲಿ ಕನಿಷ್ಠ ಸಿವಿಲ್ ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗಾದರೂ ಸಭಾಂಗಣವನ್ನು ತೋರಿಸಲು ಏನು ಅಡ್ಡಿ?

ದುರಸ್ತಿಯ ಬಗೆಗೂ ಒಂದು ಮಾತು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆಯೇ ಪುಡಿಯಾಗತೊಡಗುತ್ತದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಕುಸಿದದ್ದನ್ನು ಕಂಡ ಊರಿಗೆ ಹಳೆಯ ಕಟ್ಟಡಗಳ ನಿಗಾ ಎಷ್ಟು ಮುಖ್ಯವೆಂದು ಹೇಳಬೇಕಿಲ್ಲ. ಬೆಲ್ಲ, ಅಳಲೆಕಾಯಿ ಬೆರೆಸಿ ಸುಣ್ಣದ ಗಾರೆ ಅರೆಯಬಲ್ಲ ಮೇಸ್ತ್ರಿಗಳಿಂದಲೇ ಈ ಮನೆಯ ಮುಂದಿನ ದುರಸ್ತಿ ಮಾಡಿಸಬೇಕೆಂದೂ, ಶ್ರೀರಂಗಪಟ್ಟಣದ ಕಮಾನಿನ ಜಾಗವನ್ನೂ ಮೈಸೂರಿನ ಸಭಾಂಗಣವನ್ನೂ ಸೇರಿಸಿ ಒಂದೇ ದಿನದ ಪಾರಂಪರಿಕ ನಡಿಗೆಯೊಂದನ್ನು ರೂಪಿಸಬೇಕೆಂದೂ ಸಂಬಂಧಪಟ್ಟ ಇಲಾಖೆಗಳನ್ನು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಮೈಸೂರು